ಋತುಬಂಧದ ವಯಸ್ಸಿಗೆಂದು ಮಾರುವ ಕೊಲಾಜೆನ್ ಪುಡಿ: ಕರಪತ್ರ ಉತ್ತಮ, ಡಬ್ಬಿ ಸಾಧಾರಣ

ಮುಟ್ಟು ನಿಲ್ಲುವ ವಯಸ್ಸಿನ ಮಹಿಳೆಯರಿಗಾಗಿಯೇ ತಯಾರಿಸಿದ್ದೆಂದು ಹೇಳಿಕೊಳ್ಳುವ ಕೊಲಾಜೆನ್ ಪುಡಿಯೊಂದನ್ನು ಕೆಲವು ತಿಂಗಳ ಕಾಲ ಬಳಸಿ, ಅದರ ಜೊತೆಗೆ ಬರುವ ಕರಪತ್ರವನ್ನು ಸಾಲು ಬಿಡದೆ ಓದಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಕೈಬಿಟ್ಟಿದ್ದೇನೆ. ಇದೇ ಸೂತ್ರದ, ಬಹುತೇಕ ಇದೇ ಮಾತುಗಳನ್ನು ಹೊತ್ತ ಡಬ್ಬಿಗಳು ಹತ್ತಾರು ಇರುವುದರಿಂದ, ಇಲ್ಲಿ ಹೇಳುವ ಹೆಚ್ಚಿನ ಸಂಗತಿಗಳು ಅವುಗಳಿಗೂ ಅನ್ವಯಿಸುತ್ತವೆ. ಕೊಲಾಜೆನ್ ಎಂದರೆ ಚರ್ಮ, ಮೂಳೆ, ಕೀಲುಗಳಿಗೆ ಬಲ ಕೊಡುವ ಪ್ರೊಟೀನ್. ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಕುಸಿತದಿಂದ ದೇಹ ಕಳೆದುಕೊಂಡ ಕೊಲಾಜೆನ್ ಅನ್ನು ಈ ಪುಡಿ ಮರಳಿ ತುಂಬುತ್ತದೆ ಎಂಬುದು ಡಬ್ಬಿಯ ಮುಖದ ಮೇಲಿರುವ ಭರವಸೆ. ನನ್ನ ತಕರಾರೆಲ್ಲ ಈ ಒಂದು ವಾಕ್ಯದ ಮೇಲೆ. ಇದರ ಮೊದಲರ್ಧ ನಿಜ. ಎರಡನೆಯ ಅರ್ಧ ಮೊದಲನೆಯದರಿಂದ ಹೊರಡುವುದಿಲ್ಲ.

ಒಂದು ಸಲದ ಪ್ರಮಾಣ 10 ಗ್ರಾಂ. ಅದರಲ್ಲಿ ಬಹುಪಾಲು ಹೈಡ್ರೊಲೈಸ್ಡ್ ಕೊಲಾಜೆನ್ ಪೆಪ್ಟೈಡ್, ಅಂದರೆ ಸಣ್ಣ ತುಣುಕುಗಳಾಗಿ ಒಡೆದ ಕೊಲಾಜೆನ್. ಅದರೊಂದಿಗೆ 80 ಮಿಲಿಗ್ರಾಂ ವಿಟಮಿನ್ ಸಿ, 5000 ಮೈಕ್ರೊಗ್ರಾಂ ಬಯೋಟಿನ್ (ಒಂದು ಬಿ ವಿಟಮಿನ್), ಸ್ವಲ್ಪ ಹಯಲುರಾನಿಕ್ ಆಮ್ಲ ಮತ್ತು ಸೋಯಾದಿಂದ ತೆಗೆದ ಐಸೊಫ್ಲೇವೋನ್‌ಗಳು ಸೇರಿವೆ. ಪುಡಿಯ ಗುಣಮಟ್ಟದ ಬಗ್ಗೆ ದೂರಲು ಹೆಚ್ಚೇನಿಲ್ಲ. ತಣ್ಣೀರಿಗೆ ಒಮ್ಮೆಲೇ ಸುರಿದರೆ ಮೇಲೆ ಗಂಟುಗಟ್ಟಿ ತೇಲುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪಸ್ವಲ್ಪವೇ ಉದುರಿಸಿ ಕಲಕಿದರೆ ಪೂರ್ತಿ ಕರಗಿ, ತಿಳಿ ಹಳದಿ ಬಣ್ಣದ ನೀರಾಗುತ್ತದೆ. ಡಬ್ಬಿ ತೆರೆದ ಕೂಡಲೇ ಬರುವ ಪ್ರಾಣಿಜನ್ಯ ವಾಸನೆ ಕರಗಿದ ಮೇಲೆ ಅಷ್ಟಾಗಿ ತಿಳಿಯುವುದಿಲ್ಲ. ಅಳತೆ ಚಮಚವನ್ನು ಮಟ್ಟಸವಾಗಿ ತುಂಬಿ ತೂಗಿದಾಗ ಹೇಳಿದಷ್ಟು ತೂಕ ಬರಲಿಲ್ಲ. ಗೋಪುರದಂತೆ ಏರಿಸಿ ತುಂಬಿದರೆ ಮಾತ್ರ 10 ಗ್ರಾಂ ಸಿಗುತ್ತದೆ ಎಂಬುದನ್ನು ಲೇಬಲ್ಲಿನಲ್ಲಿ ಹೇಳಬೇಕಿತ್ತು. ಕರಗಿಸಿದ ಲೋಟವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ನೋಡಿದೆ. ಬೆಳಗ್ಗೆಯೂ ಅದು ನೀರಾಗಿಯೇ ಇತ್ತು. ಇದು ದೋಷವಲ್ಲ. ಜೆಲಾಟಿನ್ ಆಗಿದ್ದರೆ ಉದ್ದದ ಎಳೆಗಳು ಒಂದಕ್ಕೊಂದು ತೊಡರಿಕೊಂಡು ಹೆಪ್ಪುಗಟ್ಟುತ್ತಿದ್ದವು. ಇಲ್ಲಿ ಕಿಣ್ವಗಳಿಂದ ಎಳೆಗಳನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿರುವುದರಿಂದ ಹೆಪ್ಪುಗಟ್ಟುವ ಶಕ್ತಿಯೇ ಉಳಿದಿಲ್ಲ. ಅಂದರೆ ಲೇಬಲ್ಲಿನಲ್ಲಿ ಹೈಡ್ರೊಲೈಸ್ಡ್ ಎಂದು ಬರೆದಿರುವುದು ನಿಜವೇ. ಆದರೆ ಆ ತುಣುಕುಗಳ ಸರಾಸರಿ ಗಾತ್ರವೆಷ್ಟು ಎಂಬುದನ್ನು ಎಲ್ಲಿಯೂ ನಮೂದಿಸಿಲ್ಲ.

ಈ ಉತ್ಪನ್ನವನ್ನು ಉಳಿದವುಗಳಿಂದ ಬೇರೆಯಾಗಿಸುವುದು ಅದರ ಕರಪತ್ರ. ಸಾಮಾನ್ಯವಾಗಿ ಇಂತಹ ಕರಪತ್ರಗಳಲ್ಲಿ ಹೊಳೆಯುವ ಮುಖಗಳ ಚಿತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ಇದನ್ನು ಬರೆದವರು ವಿಷಯ ತಿಳಿದವರು. ಕೊಲಾಜೆನ್ ಎಂಬುದು ಒಂದೇ ವಸ್ತುವಲ್ಲ, ಈವರೆಗೆ 28 ಬಗೆಗಳನ್ನು ಗುರುತಿಸಲಾಗಿದೆ ಎಂಬಲ್ಲಿಂದ ಅವರು ಆರಂಭಿಸುತ್ತಾರೆ. ದೇಹದ ಒಟ್ಟು ಪ್ರೊಟೀನಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಇದೇ. ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಜೋಡಿಸುವ ಅಸ್ಥಿರಜ್ಜುಗಳಲ್ಲಿ ಒಂದನೆಯ ಬಗೆ, ಮೃದ್ವಸ್ಥಿಯಲ್ಲಿ ಎರಡನೆಯದು, ಎಳೆಯ ಚರ್ಮ ಮತ್ತು ರಕ್ತನಾಳಗಳಲ್ಲಿ ಒಂದನೆಯದರ ಜೊತೆಗೆ ಮೂರನೆಯದು ಹೆಚ್ಚಾಗಿ ಕಂಡುಬರುತ್ತದೆ. ಮೂರು ಎಳೆಗಳನ್ನು ಹೊಸೆದು ಬಿಗಿಮಾಡಿದ ಹುರಿಯಂತಿರುವ ಇದರ ರಚನೆಯಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲವೂ ಗ್ಲೈಸಿನ್ ಆಗಿರಲೇಬೇಕು, ಏಕೆಂದರೆ ಹುರಿಯ ಒಳಮೈಯ ಇಕ್ಕಟ್ಟಿನಲ್ಲಿ ಅದಕ್ಕಿಂತ ದೊಡ್ಡ ಅಣುವಿಗೆ ಜಾಗವಿಲ್ಲ. ಇಷ್ಟನ್ನು ಅರ್ಧ ಪುಟದಲ್ಲಿ ತಪ್ಪಿಲ್ಲದೆ ಹೇಳಿರುವುದು ಸಣ್ಣ ಮಾತಲ್ಲ.

ಈಸ್ಟ್ರೋಜೆನ್ ಭಾಗವೂ ಚೆನ್ನಾಗಿಯೇ ಶುರುವಾಗುತ್ತದೆ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ಆಸುಪಾಸಿನಲ್ಲಿ, ಋತುಬಂಧದ ನಂತರ ಮೂಳೆ ಸವೆತಕ್ಕೆ ಒಳಗಾದ ಮಹಿಳೆಯರನ್ನು ಪರೀಕ್ಷಿಸುವಾಗ ಅವರ ಚರ್ಮವೂ ತೆಳುವಾಗಿರುವುದನ್ನು ಗಮನಿಸಿದ್ದ. ಮೂಳೆ ಮತ್ತು ಚರ್ಮ ಎರಡಕ್ಕೂ ಆಧಾರವಾಗಿರುವುದು ಒಂದೇ ಬಗೆಯ ಕೊಲಾಜೆನ್ ಆದ್ದರಿಂದ, ಎರಡೂ ಒಟ್ಟಿಗೆ ಸೊರಗುವುದರ ಹಿಂದೆ ಒಂದೇ ಕಾರಣ ಇರಬಹುದೆಂಬ ಊಹೆಗೆ ಅಲ್ಲಿಂದ ದಾರಿಯಾಯಿತು. 1980ರ ದಶಕದಲ್ಲಿ ಬ್ರಿಂಕಾಟ್ ಎಂಬ ಸಂಶೋಧಕ ಮತ್ತು ಸಂಗಡಿಗರು ಚರ್ಮದ ಕೊಲಾಜೆನ್ ಪ್ರಮಾಣವನ್ನೇ ಅಳೆದು ನೋಡಿದರು. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜೆನ್ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ, ಆಮೇಲೆ ವರ್ಷಕ್ಕೆ ಸುಮಾರು ಶೇ. 2ರಂತೆ ಇಳಿಯುತ್ತ ಹೋಗುತ್ತದೆ ಎಂದು ಇಂದಿಗೂ ಎಲ್ಲೆಡೆ ಉಲ್ಲೇಖವಾಗುವ ಲೆಕ್ಕ ಬಂದದ್ದು ಆ ಕಾಲದ ಅಧ್ಯಯನಗಳಿಂದ. ಇನ್ನೂ ಮುಖ್ಯವಾದ ಅಂಶವೆಂದರೆ, ಈ ಇಳಿಕೆ ಮಹಿಳೆಯ ವಯಸ್ಸಿಗಿಂತ ಹೆಚ್ಚಾಗಿ ಮುಟ್ಟು ನಿಂತು ಎಷ್ಟು ವರ್ಷವಾಯಿತು ಎಂಬುದಕ್ಕೆ ಹೊಂದಿಕೊಂಡಿತ್ತು. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರಿಗೆ ಬೇಗ ಮುಟ್ಟು ನಿಂತಿದ್ದರೆ, ಅಥವಾ ಶಸ್ತ್ರಚಿಕಿತ್ಸೆಯಿಂದ ಅಂಡಾಶಯಗಳನ್ನು ತೆಗೆದಿದ್ದರೆ, ಅವರ ಚರ್ಮದ ಸ್ಥಿತಿ ಇನ್ನೊಬ್ಬರದಕ್ಕಿಂತ ಭಿನ್ನವಾಗಿರಬಹುದು ಎಂದು ಇದರಿಂದ ತಿಳಿಯುತ್ತದೆ. ಕರಪತ್ರ ಈ ಸೂಕ್ಷ್ಮವನ್ನೂ ಬಿಟ್ಟಿಲ್ಲ.

ಕೆಲಸ ನಡೆಯುವ ಬಗೆಯನ್ನು ಅದು ತುಸು ಅವಸರದಲ್ಲಿ ಹೇಳುವುದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಸ್ಟ್ರೋಜೆನ್ ತಾನೇ ಕೊಲಾಜೆನ್ ಆಗುವುದಿಲ್ಲ, ಅದಕ್ಕೆ ಸಾಮಗ್ರಿಯನ್ನೂ ಒದಗಿಸುವುದಿಲ್ಲ. ಅದು ಜೀವಕೋಶದ ಒಳಹೊಕ್ಕು ಅಲ್ಲಿನ ಗ್ರಾಹಕ ಪ್ರೊಟೀನುಗಳಿಗೆ ಅಂಟಿಕೊಂಡು, ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂಬುದನ್ನು ಬದಲಿಸುತ್ತದೆ. ಈ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಮುಖ್ಯ ಬಗೆಗಳಿವೆ. ಎರಡನೆಯದು ಪತ್ತೆಯಾದದ್ದು 1996ರಲ್ಲಿ. ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳು, ಅಂದರೆ ಕೊಲಾಜೆನ್ ನೇಯುವ ಕೋಶಗಳು, ಈ ಗ್ರಾಹಕಗಳನ್ನು ಹೊಂದಿವೆ. ಈಸ್ಟ್ರೋಜೆನ್ ಸಾಕಷ್ಟಿದ್ದಾಗ ಬೆಳವಣಿಗೆಯ ಸಂಕೇತಗಳು, ಅವುಗಳಲ್ಲಿಯೂ ಟಿಜಿಎಫ್-ಬೀಟಾ, ಹೆಚ್ಚಾಗಿ ಹೊಸ ಕೊಲಾಜೆನ್ ತಯಾರಿಕೆ ಚುರುಕಾಗುತ್ತದೆ. ಹಳೆಯದನ್ನು ಕತ್ತರಿಸುವ ಮೆಟಲೊಪ್ರೊಟೀನೇಸ್ ಕಿಣ್ವಗಳ ಹಾವಳಿ ಹತೋಟಿಯಲ್ಲಿರುತ್ತದೆ. ನೀರನ್ನು ಹಿಡಿದಿಡುವ ಹಯಲುರಾನಿಕ್ ಆಮ್ಲದ ಉತ್ಪಾದನೆಯೂ ಏರುತ್ತದೆ. ಈಸ್ಟ್ರೋಜೆನ್ ಇಳಿದಾಗ ತಯಾರಿಕೆ ನಿಧಾನವಾಗುತ್ತದೆ, ಕತ್ತರಿಸುವಿಕೆ ಮೇಲುಗೈ ಪಡೆಯುತ್ತದೆ, ಚರ್ಮ ಒಣಗಿ ತೆಳುವಾಗುತ್ತದೆ. ವಯಸ್ಸಾದವರಲ್ಲಿ ಗಾಯ ನಿಧಾನವಾಗಿ ಮಾಯುವುದಕ್ಕೂ ಇದರ ನಂಟಿದೆ. ಈಸ್ಟ್ರೋಜೆನ್ ನೀಡಿದಾಗ ಗಾಯ ಮಾಯುವ ವೇಗ ಹೆಚ್ಚಿದ್ದನ್ನು 1990ರ ದಶಕದ ಪ್ರಯೋಗಗಳಲ್ಲಿ ತೋರಿಸಲಾಗಿದೆ.

ಇಲ್ಲಿಯವರೆಗೂ ಸರಿ. ಇದಾದ ಮೇಲೆ ಕರಪತ್ರದ ನಡುವಿನ ಪುಟದಲ್ಲಿ ಒಂದು ರೇಖಾಚಿತ್ರವಿದೆ: ಒಂದೇ ಗೆರೆ, ಎಡದಿಂದ ಬಲಕ್ಕೆ ಇಳಿಯುತ್ತದೆ, ಕೆಳಗೆ ಚರ್ಮ, ಮೂಳೆ, ಕೀಲು, ಸ್ನಾಯುರಜ್ಜು ಎಂದು ನಾಲ್ಕು ಹೆಸರುಗಳು. ಈಸ್ಟ್ರೋಜೆನ್ ಇಳಿದಂತೆ ಎಲ್ಲ ಕಡೆಯೂ ಕೊಲಾಜೆನ್ ಒಂದೇ ರೀತಿ ಇಳಿಯುತ್ತದೆ ಎಂಬುದು ಅದರ ಅರ್ಥ. ನನ್ನ ಆಕ್ಷೇಪ ಶುರುವಾಗುವುದು ಈ ಗೆರೆಯಿಂದ. ದೇಹದ ಭಾಗಗಳನ್ನು ಹಿಡಿದಿಡುವ ಸಂಯೋಜಕ ಅಂಗಾಂಶದಲ್ಲಿ ಈಸ್ಟ್ರೋಜೆನ್ ಮಾಡುವ ಕೆಲಸ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ, ಕೆಲವೆಡೆ ವಿರುದ್ಧವೂ ಆಗುತ್ತದೆ.

ಅಸ್ಥಿರಜ್ಜನ್ನೇ ತೆಗೆದುಕೊಳ್ಳೋಣ. ಮಂಡಿಯೊಳಗಿನ ಮುಂಭಾಗದ ಅಡ್ಡ ಅಸ್ಥಿರಜ್ಜು, ಕ್ರೀಡಾ ವರದಿಗಳಲ್ಲಿ ಎಸಿಎಲ್ ಎಂದು ಕರೆಸಿಕೊಳ್ಳುವುದು, ಒಂದೇ ಆಟ ಆಡುವ ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಹಲವು ಪಟ್ಟು ಹೆಚ್ಚಾಗಿ ಹರಿಯುತ್ತದೆ. ಇದಕ್ಕೆ ಸೊಂಟ ಮತ್ತು ಮಂಡಿಯ ರಚನೆ, ನೆಗೆದು ಇಳಿಯುವ ಭಂಗಿ, ತರಬೇತಿಯ ಕೊರತೆ ಇವೆಲ್ಲ ಕಾರಣಗಳಾಗಿ ಸೇರಿಕೊಳ್ಳುತ್ತವೆ. ಆದರೆ ಈ ಅಸ್ಥಿರಜ್ಜಿನ ಕೋಶಗಳಲ್ಲಿಯೂ ಈಸ್ಟ್ರೋಜೆನ್ ಗ್ರಾಹಕಗಳಿರುವುದು ಗೊತ್ತಾದ ಮೇಲೆ ಹಾರ್ಮೋನಿನ ಪಾತ್ರವನ್ನೂ ಹುಡುಕಲಾಯಿತು. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಾನವ ಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಅಸ್ಥಿರಜ್ಜಿಗೆ ಹೆಚ್ಚಿನ ಮಟ್ಟದ ಈಸ್ಟ್ರೋಜೆನ್ ಅನ್ನು 48 ಗಂಟೆ ಒದಗಿಸಿದಾಗ, ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ ಚಟುವಟಿಕೆ ಕುಗ್ಗಿತು. ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆದು ಬಿಗಿಯಾಗಿಸುವ ಕಿಣ್ವ ಅದು. ಕೊಲಾಜೆನ್ ಪ್ರಮಾಣ ಹಾಗೆಯೇ ಇತ್ತು, ಅಸ್ಥಿರಜ್ಜಿನ ಬಿಗಿತ ಮಾತ್ರ ಇಳಿದಿತ್ತು. ಅಂಗಾಂಶದ ಬಲ ಕೊಲಾಜೆನ್ ಎಷ್ಟಿದೆ ಎಂಬುದೊಂದರಿಂದ ನಿರ್ಧಾರವಾಗುವುದಿಲ್ಲ, ಎಳೆಗಳ ನಡುವಿನ ಬೆಸುಗೆಗೂ ಅಷ್ಟೇ ಪಾಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಋತುಬಂಧದ ನಂತರ ಈಸ್ಟ್ರೋಜೆನ್ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯರ ಮಂಡಿಯ ಸ್ನಾಯುರಜ್ಜನ್ನು ಡೆನ್ಮಾರ್ಕಿನ ಸಂಶೋಧಕರು ಪರೀಕ್ಷಿಸಿದಾಗಲೂ ಇಂಥದೇ ಚಿತ್ರ ಕಂಡಿತು: ಹೊಸ ಕೊಲಾಜೆನ್ ತಯಾರಿಕೆ ಹೆಚ್ಚಿತ್ತು, ಆದರೆ ಸ್ನಾಯುರಜ್ಜಿನ ಬಿಗಿತ ಕಡಿಮೆಯಿತ್ತು. ಒಂದೇ ಗೆರೆಯ ರೇಖಾಚಿತ್ರದಲ್ಲಿ ಇದನ್ನು ಎಲ್ಲಿ ತೋರಿಸುವುದು?

ಭುಜದ ವಿಷಯದಲ್ಲಿ ಕರಪತ್ರ ಇನ್ನೂ ಹೆಚ್ಚು ಎಡವಿದೆ. ಈ ವಯಸ್ಸಿನ ಮಹಿಳೆಯರಲ್ಲಿ ಭುಜ ಹಿಡಿದುಕೊಳ್ಳುವ ತೊಂದರೆ, ವೈದ್ಯರು ಫ್ರೋಜನ್ ಶೋಲ್ಡರ್ ಎನ್ನುವುದು, ಸಾಮಾನ್ಯ. ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯಲು ಆಗದು, ಮೇಲಿನ ಕಪಾಟಿನ ವಸ್ತು ಎಟುಕದು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಕರಪತ್ರ ಇದನ್ನು ಕೊಲಾಜೆನ್ ಕೊರತೆಯ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿ, ಪುಡಿ ಕುಡಿದರೆ ಸಡಿಲವಾಗುತ್ತದೆ ಎಂಬ ಧ್ವನಿಯಲ್ಲಿ ಬರೆದಿದೆ. ವಾಸ್ತವದಲ್ಲಿ ಹಿಡಿದುಕೊಂಡ ಭುಜದ ಕೀಲುಕೋಶದಲ್ಲಿ, ಅಂದರೆ ಕೀಲನ್ನು ಸುತ್ತುವರಿದ ಚೀಲದಲ್ಲಿ, ಕೊಲಾಜೆನ್ ಕೊರತೆ ಇರುವುದಿಲ್ಲ. ಉರಿಯೂತದ ಬೆನ್ನಿಗೆ ಫೈಬ್ರೊಬ್ಲಾಸ್ಟ್‌ಗಳು ಮಿತಿಮೀರಿ ಕೊಲಾಜೆನ್ ಸುರಿದು, ಕೀಲುಕೋಶ ದಪ್ಪವಾಗಿ ಕುಗ್ಗಿರುತ್ತದೆ. ಈಸ್ಟ್ರೋಜೆನ್ ಇಳಿಕೆಗೂ ಇದಕ್ಕೂ ಸಂಬಂಧ ಇರಬಹುದು. ಹಾಗಿದ್ದರೆ ಆ ಸಂಬಂಧ ಉರಿಯೂತದ ಹತೋಟಿ ತಪ್ಪುವುದರ ಮೂಲಕ ಬರುತ್ತದೆಯೇ ಹೊರತು ಕೊಲಾಜೆನ್ ಖಾಲಿಯಾಗುವುದರ ಮೂಲಕವಲ್ಲ. ಋತುಬಂಧದ ಹೊತ್ತಿನ ಕೀಲುನೋವು, ಸ್ನಾಯು ಕ್ಷೀಣತೆ, ಮೂಳೆ ಸವೆತ, ಹಿಡಿದ ಭುಜ ಇವೆಲ್ಲವನ್ನೂ ಒಂದೇ ಹೆಸರಿನಡಿ ನೋಡಬೇಕೆಂದು 2024ರಲ್ಲಿ ವೈದ್ಯರ ಒಂದು ತಂಡ ಪ್ರಸ್ತಾಪಿಸಿತು. ಅದರಿಂದ, ಬಿಡಿಬಿಡಿಯಾಗಿ ಕಡೆಗಣಿಸಲ್ಪಡುತ್ತಿದ್ದ ದೂರುಗಳಿಗೆ ಒಂದು ನೆಲೆ ಸಿಕ್ಕಿದೆ. ಆ ನೆಲೆಯನ್ನೇ ಬಳಸಿಕೊಂಡು ಎಲ್ಲದಕ್ಕೂ ಒಂದೇ ಡಬ್ಬಿಯನ್ನು ಮುಂದಿಡುವುದು ಮಾರಾಟಗಾರರ ಜಾಣ್ಮೆ.

ಮೂಳೆಯ ಪುಟದಲ್ಲಿ ಈಸ್ಟ್ರೋಜೆನ್ ಅನ್ನು ಉದ್ದಕ್ಕೂ ಸ್ತ್ರೀ ಹಾರ್ಮೋನ್ ಎಂದೇ ಕರೆದಿದ್ದಾರೆ. ಗಂಡಸರ ಮೂಳೆಗೂ ಅದು ಬೇಕು. ಈಸ್ಟ್ರೋಜೆನ್ ಗ್ರಾಹಕವೇ ಕೆಟ್ಟಿದ್ದ 28 ವರ್ಷದ ಒಬ್ಬ ಗಂಡಸಿನ ಪ್ರಕರಣ 1994ರಲ್ಲಿ ವರದಿಯಾಯಿತು: 204 ಸೆಂಟಿಮೀಟರ್ ಎತ್ತರದ ಆತ ಆ ವಯಸ್ಸಿನಲ್ಲಿಯೂ ಬೆಳೆಯುತ್ತಲೇ ಇದ್ದ, ಏಕೆಂದರೆ ಮೂಳೆಯ ತುದಿಗಳು ಕೂಡಿಕೊಂಡಿರಲಿಲ್ಲ, ಮೂಳೆಯ ಸಾಂದ್ರತೆಯೂ ತೀರಾ ಕಡಿಮೆಯಿತ್ತು. ಮೂಳೆಯ ಖನಿಜವಲ್ಲದ ಭಾಗದಲ್ಲಿ ಸುಮಾರು ಶೇ. 90 ಕೊಲಾಜೆನ್ ಇದೆಯೆಂಬುದನ್ನು ಕರಪತ್ರ ಸರಿಯಾಗಿಯೇ ಹೇಳುತ್ತದೆ. ಆದರೆ ಋತುಬಂಧದ ನಂತರ ಮೂಳೆ ಸವೆಯುವುದಕ್ಕೆ ಮುಖ್ಯ ಕಾರಣ, ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳ ಮೇಲಿನ ಲಗಾಮು ಸಡಿಲವಾಗುವುದು. ಅವು ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿ, ಹೆಚ್ಚು ಕಾಲ ಬದುಕಿ, ಖನಿಜ ಮತ್ತು ಕೊಲಾಜೆನ್ ಎರಡನ್ನೂ ಒಟ್ಟಿಗೆ ತೆಗೆದುಹಾಕುತ್ತವೆ. ಹೊಸ ಮೂಳೆ ಕಟ್ಟುವ ಕೋಶಗಳು ಆ ವೇಗಕ್ಕೆ ಸರಿದೂಗಲಾರವು.

ನಾಲ್ಕು ವಾರಗಳಲ್ಲಿ ಬದಲಾವಣೆ ಅನುಭವಕ್ಕೆ ಬರುತ್ತದೆ ಎಂಬ ಕರಪತ್ರದ ಮಾತಿಗೆ ಬರುತ್ತೇನೆ. ಕೊಲಾಜೆನ್ ಅತಿ ದೀರ್ಘಾಯುಷಿ ಪ್ರೊಟೀನ್. ಚರ್ಮದ ಕೊಲಾಜೆನ್‌ನಲ್ಲಿ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ, ಮೃದ್ವಸ್ಥಿಯಲ್ಲಿ 100 ವರ್ಷಕ್ಕೂ ಹೆಚ್ಚು ಕಾಲ ಬೇಕೆಂದು 2000ದಲ್ಲಿ ಲೆಕ್ಕ ಹಾಕಲಾಗಿದೆ. ಹಿಮ್ಮಡಿಯ ಅಖಿಲೀಸ್ ಸ್ನಾಯುರಜ್ಜಿನ ಒಳತಿರುಳನ್ನು ಪರೀಕ್ಷಿಸಿದ ವಿಧಾನ ಬಹಳ ಸ್ವಾರಸ್ಯಕರ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲ ಏರಿ ಆಮೇಲೆ ಇಳಿಯಿತಲ್ಲ, ಆ ಗುರುತನ್ನು ಜನರ ಸ್ನಾಯುರಜ್ಜುಗಳಲ್ಲಿ ಹುಡುಕಿ, ಯಾವ ವರ್ಷದಲ್ಲಿ ಅದು ಕಟ್ಟಲ್ಪಟ್ಟಿತೆಂದು ನಿರ್ಧರಿಸಿದರು. ಮೊದಲ 17 ವರ್ಷಗಳ ಬೆಳವಣಿಗೆಯ ನಂತರ ಆ ತಿರುಳು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ ಎಂಬುದು 2013ರಲ್ಲಿ ಬಂದ ಫಲಿತಾಂಶ. ಹದಿಹರೆಯದಲ್ಲಿ ಕಟ್ಟಿದ್ದನ್ನೇ ನಾವು ಐವತ್ತರಲ್ಲಿಯೂ ಬಳಸುತ್ತಿರುತ್ತೇವೆ. ಚಲಾವಣೆಯಲ್ಲಿರುವ ಒಂದು ಸಣ್ಣ ಭಾಗ ಬೇಗ ತಯಾರಾಗಿ ಬೇಗ ಕರಗುತ್ತದೆ ಎಂಬುದು ನಿಜ, ವ್ಯಾಯಾಮಕ್ಕೆ ಸ್ಪಂದಿಸುವುದೂ ಆ ಭಾಗವೇ. ಆದರೆ ನಾಲ್ಕು ವಾರಗಳಲ್ಲಿ ಐದು ವರ್ಷದ ನಷ್ಟ ತುಂಬುವುದು ಈ ಗಡಿಯಾರಕ್ಕೆ ಹೊಂದುವ ಮಾತಲ್ಲ.

ಪುಡಿ ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ? ಬಹುಭಾಗ ಬಿಡಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ, ಯಾವುದೇ ಪ್ರೊಟೀನಿನ ಗತಿ ಇದೇ. ಸ್ವಲ್ಪ ಭಾಗ ಎರಡು ಮೂರು ಅಮೈನೋ ಆಮ್ಲಗಳ ತುಣುಕುಗಳಾಗಿಯೇ ರಕ್ತ ಸೇರುತ್ತದೆ. ಪ್ರೊಲೈಲ್-ಹೈಡ್ರಾಕ್ಸಿಪ್ರೊಲಿನ್ ಎಂಬ ತುಣುಕನ್ನು ಸೇವನೆಯ ನಂತರ ರಕ್ತದಲ್ಲಿ ಅಳೆದಿದ್ದಾರೆ. ಪ್ರಯೋಗಾಲಯದಲ್ಲಿ ಅದು ಫೈಬ್ರೊಬ್ಲಾಸ್ಟ್‌ಗಳನ್ನು ಉತ್ತೇಜಿಸಿದ್ದೂ ಕಂಡಿದೆ. ಹಾಗಾಗಿ ಇದೆಲ್ಲ ಬರೀ ಬೂಟಾಟಿಕೆ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರುವುದಿಲ್ಲ. ಆದರೆ ಋತುಬಂಧದ ನಂತರ ಫೈಬ್ರೊಬ್ಲಾಸ್ಟ್ ಸುಮ್ಮನಾಗುವುದು ಗ್ಲೈಸಿನ್ ಸಿಗದೆ ಅಲ್ಲ, ನೇಯುವಂತೆ ಹೇಳುವ ಸಂಕೇತ ಕ್ಷೀಣಿಸಿದ್ದರಿಂದ. ಪುಡಿ ಒದಗಿಸುವುದು ಸಾಮಗ್ರಿಯನ್ನು ಮತ್ತು ಹೆಚ್ಚೆಂದರೆ ಒಂದು ದುರ್ಬಲ ಸಂಕೇತವನ್ನು. ಈಸ್ಟ್ರೋಜೆನ್ ಗ್ರಾಹಕದ ಬಳಿ ಖಾಲಿಯಾದ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಡಬ್ಬಿಯ ವಾಕ್ಯದ ಎರಡು ಅರ್ಧಗಳು ಕೂಡದಿರುವುದು ಈ ಜಾಗದಲ್ಲಿ.

ವಿಟಮಿನ್ ಸಿ ಸೇರಿಸಿರುವುದಕ್ಕೆ ಆಧಾರವಿದೆ, ಏಕೆಂದರೆ ಪ್ರೊಲಿನ್ ಅನ್ನು ಹೈಡ್ರಾಕ್ಸಿಪ್ರೊಲಿನ್ ಆಗಿಸುವ ಕಿಣ್ವಕ್ಕೆ ಅದು ಅಗತ್ಯ. ಅದಿಲ್ಲದೆ ಕೊಲಾಜೆನ್ ಹುರಿ ಗಟ್ಟಿಯಾಗದು, ಸ್ಕರ್ವಿ ರೋಗದಲ್ಲಿ ಒಸಡು ಕರಗುವುದು ಇದರಿಂದಲೇ. ಹಣ್ಣು ತರಕಾರಿ ತಿನ್ನುವವರಿಗೆ ಮಾತ್ರ ಈ 80 ಮಿಲಿಗ್ರಾಂನಿಂದ ವಿಶೇಷ ಲಾಭವಿಲ್ಲ. ಹಾಗೆಯೇ ಇದನ್ನು ದಿನದ ಪ್ರೊಟೀನಿನ ಲೆಕ್ಕಕ್ಕೆ ಹಿಡಿಯಬಾರದು. ಕೊಲಾಜೆನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅತ್ಯಗತ್ಯ ಅಮೈನೋ ಆಮ್ಲವೇ ಇಲ್ಲ, ಸ್ನಾಯು ಬೆಳೆಸಲು ಬೇಕಾದ ಲ್ಯೂಸಿನ್ ಕೂಡ ಕಡಿಮೆ.

ಪ್ರಯೋಗಗಳ ಸಾಕ್ಷ್ಯ ಮಿಶ್ರವಾಗಿದೆ. 2014ರ ಒಂದು ಪ್ರಯೋಗದಲ್ಲಿ 35ರಿಂದ 55 ವರ್ಷದ ಮಹಿಳೆಯರು ದಿನಕ್ಕೆ 2.5 ಅಥವಾ 5 ಗ್ರಾಂ ಪೆಪ್ಟೈಡನ್ನು ಎಂಟು ವಾರ ಸೇವಿಸಿದಾಗ ಚರ್ಮದ ಸ್ಥಿತಿಸ್ಥಾಪಕತ್ವ ಹೆಚ್ಚಿತು. ಋತುಬಂಧದ ನಂತರದ, ಮೂಳೆ ಸಾಂದ್ರತೆ ಕಡಿಮೆಯಿದ್ದ ಮಹಿಳೆಯರಿಗೆ ದಿನಕ್ಕೆ 5 ಗ್ರಾಂನಂತೆ ಒಂದು ವರ್ಷ ಕೊಟ್ಟು ನೋಡಿದ 2018ರ ಪ್ರಯೋಗದಲ್ಲಿ ಬೆನ್ನುಮೂಳೆ ಮತ್ತು ತೊಡೆಮೂಳೆಯ ಕತ್ತಿನ ಸಾಂದ್ರತೆ ಸುಧಾರಿಸಿತು. ಈ ಎರಡನ್ನೂ ಕರಪತ್ರ ದೊಡ್ಡ ಅಕ್ಷರಗಳಲ್ಲಿ ಹಾಕಿಕೊಂಡಿದೆ. ಹಾಕಿಕೊಳ್ಳದೆ ಬಿಟ್ಟಿರುವುದು 2025ರಲ್ಲಿ ಪ್ರಕಟವಾದ ವಿಶ್ಲೇಷಣೆಯನ್ನು. ಚರ್ಮದ ಮೇಲಿನ ಪರಿಣಾಮದ ಬಗ್ಗೆ ನಡೆದ 23 ಪ್ರಯೋಗಗಳನ್ನು, ಒಟ್ಟು 1474 ಮಂದಿಯನ್ನು, ಒಟ್ಟಿಗೆ ಸೇರಿಸಿ ನೋಡಿದಾಗ ಲಾಭ ಕಂಡಿತು. ಉದ್ಯಮದ ಹಣ ಪಡೆಯದ ಪ್ರಯೋಗಗಳನ್ನು ಬೇರ್ಪಡಿಸಿದಾಗ ಆ ಲಾಭ ಕಾಣೆಯಾಯಿತು. ಉತ್ತಮ ಗುಣಮಟ್ಟದ ಪ್ರಯೋಗಗಳನ್ನಷ್ಟೇ ಆರಿಸಿದಾಗಲೂ ಹೀಗೆಯೇ ಆಯಿತು. ಇದನ್ನು ಓದಿದ ಮೇಲೂ ಕೊಳ್ಳುವವರು ಕೊಳ್ಳಲಿ, ಆದರೆ ಓದಿ ಕೊಳ್ಳಲಿ ಎಂಬುದಷ್ಟೇ ನನ್ನ ಅಪೇಕ್ಷೆ.

ಸೋಯಾ ಐಸೊಫ್ಲೇವೋನ್ ಈ ಮಿಶ್ರಣದಲ್ಲಿ ಈಸ್ಟ್ರೋಜೆನ್‌ಗೆ ನೇರ ಸಂಬಂಧವಿರುವ ಒಂದೇ ಘಟಕ. ಜೆನಿಸ್ಟೀನ್‌ನಂತಹ ಅಣುಗಳು ಬೀಟಾ ಗ್ರಾಹಕಕ್ಕೆ ದುರ್ಬಲವಾಗಿ ಅಂಟಿಕೊಳ್ಳುತ್ತವೆ. ಡೈಡ್ಜೀನ್ ಎಂಬ ಇನ್ನೊಂದನ್ನು ಕರುಳಿನ ಬ್ಯಾಕ್ಟೀರಿಯಾಗಳು ಇಕ್ವಾಲ್ ಎಂಬ ಹೆಚ್ಚು ಶಕ್ತ ರೂಪಕ್ಕೆ ಬದಲಿಸಬಲ್ಲವು, ಆದರೆ ಅಂತಹ ಬ್ಯಾಕ್ಟೀರಿಯಾಗಳು ಎಲ್ಲರಲ್ಲಿಯೂ ಇರುವುದಿಲ್ಲ. ಆದ್ದರಿಂದ ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಏನೂ ಮಾಡದಿರಬಹುದು. ಇಷ್ಟು ಮುಖ್ಯವಾದ ಘಟಕದ ಪ್ರಮಾಣವನ್ನು ಲೇಬಲ್ ಪ್ರತ್ಯೇಕವಾಗಿ ತಿಳಿಸದೆ, ಬೇರೆ ಸಸ್ಯಸಾರಗಳೊಂದಿಗೆ ಕೂಡಿಸಿ ಒಂದೇ ಅಂಕಿ ಕೊಟ್ಟಿರುವುದು ಸರಿಯಲ್ಲ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಈ ಎಚ್ಚರಿಕೆ ಡಬ್ಬಿಯ ತಳಭಾಗದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರಗಳಲ್ಲಿದೆ. ಹಯಲುರಾನಿಕ್ ಆಮ್ಲದ ಪ್ರಮಾಣ ಇಲ್ಲಿ ಹೆಸರಿಗಷ್ಟೇ ಇರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಬಯೋಟಿನ್ ಬಗ್ಗೆ ನಾನು ಗಂಭೀರವಾಗಿಯೇ ದೂರುತ್ತೇನೆ. ವಯಸ್ಕರಿಗೆ ದಿನಕ್ಕೆ ಸಾಕಾಗುವುದು ಸುಮಾರು 30 ಮೈಕ್ರೊಗ್ರಾಂ, ಇಲ್ಲಿರುವುದು 5000. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ವಿಷವಾಗುವುದಿಲ್ಲ. ಆದರೆ ರಕ್ತಪರೀಕ್ಷೆಯ ಹಲವು ವಿಧಾನಗಳು ಬಯೋಟಿನ್ ಅಣುವನ್ನೇ ಕೊಂಡಿಯಾಗಿ ಬಳಸುವುದರಿಂದ, ರಕ್ತದಲ್ಲಿ ಅದು ತುಂಬಿದ್ದಾಗ ಫಲಿತಾಂಶ ತಪ್ಪಾಗಿ ಬರುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಕಡಿಮೆಯೆಂದೂ ಟಿ4 ಹೆಚ್ಚೆಂದೂ ಕಾಣಬಹುದು, ಈಸ್ಟ್ರೋಜೆನ್ ಮಟ್ಟವೇ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು, ಹೃದಯಾಘಾತ ಪತ್ತೆಹಚ್ಚುವ ಟ್ರೋಪೊನಿನ್ ಪರೀಕ್ಷೆಯೂ ದಾರಿತಪ್ಪಬಹುದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿಯೇ ಈ ಬಗ್ಗೆ ಎಚ್ಚರಿಸಿದೆ. ಋತುಬಂಧದ ಆಸುಪಾಸಿನಲ್ಲಿ ಥೈರಾಯ್ಡ್ ಮತ್ತು ಹಾರ್ಮೋನ್ ಪರೀಕ್ಷೆಗಳನ್ನು ಹೆಚ್ಚಾಗಿ ಮಾಡಿಸುವವರಿಗೆಂದೇ ತಯಾರಿಸಿದ ಪುಡಿಯಲ್ಲಿ ಇಷ್ಟು ಬಯೋಟಿನ್ ಸೇರಿಸಿ, ಪರೀಕ್ಷೆಗೆ ಕೆಲವು ದಿನ ಮೊದಲು ನಿಲ್ಲಿಸಿ ಎಂಬ ಒಂದು ಸಾಲನ್ನೂ ಬರೆಯದಿರುವುದು ಅಕ್ಷಮ್ಯ. ಈ ಪುಡಿಯನ್ನು ಬಳಸುವವರು ಯಾವುದೇ ರಕ್ತಪರೀಕ್ಷೆಗೆ ಮೊದಲು ವೈದ್ಯರಿಗೆ ಅದನ್ನು ತಿಳಿಸಬೇಕು.

ಈಸ್ಟ್ರೋಜೆನ್ ಕೊರತೆಯನ್ನೇ ನೇರವಾಗಿ ಸರಿಪಡಿಸುವ ಚಿಕಿತ್ಸೆಗಳ ಬಗ್ಗೆ ಕರಪತ್ರದ ಮೌನ ಅರ್ಥವಾಗುವಂಥದ್ದೇ, ಅವು ಅವರ ಸರಕಲ್ಲ. ಹಾರ್ಮೋನ್ ಚಿಕಿತ್ಸೆ ಪಡೆದವರಲ್ಲಿ ಚರ್ಮದ ಕೊಲಾಜೆನ್ ಹೆಚ್ಚಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. 2002ರಲ್ಲಿ ವರದಿಯಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಸೊಂಟದ ಮೂಳೆಮುರಿತ ಸುಮಾರು ಮೂರನೆಯ ಒಂದರಷ್ಟು ತಗ್ಗಿತ್ತು, ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಏರಿತ್ತು. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ರೂಪದಲ್ಲಿ ಎಂಬುದನ್ನು ವೈದ್ಯರೊಂದಿಗೆ ಕುಳಿತು ತೀರ್ಮಾನಿಸಬೇಕಾದ ಸಂಗತಿ ಅದು. ಸುಕ್ಕಿಗಾಗಿ ಮಾತ್ರ ತೆಗೆದುಕೊಳ್ಳುವ ಔಷಧವಲ್ಲ. ಯೋನಿ ಮತ್ತು ಮೂತ್ರನಾಳದ ಅಂಗಾಂಶ ತೆಳುವಾಗಿ ಉರಿ, ಒಣಗುವಿಕೆ, ಮೇಲಿಂದ ಮೇಲೆ ಮೂತ್ರದ ಸೋಂಕು ಬರುತ್ತಿದ್ದರೆ, ಆ ಜಾಗಕ್ಕಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಲೇಪ ಬಹಳ ಮಂದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಈ ತೊಂದರೆಯನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಡಬ್ಬಿಗಳ ಮೊರೆ ಹೋಗುವವರು ಹಲವರಿದ್ದಾರೆ. ಅವರಿಗೆ ಈ ಪುಡಿ ಪರ್ಯಾಯವಲ್ಲ.

ನನ್ನ ಅನುಭವವನ್ನು ಸಾಕ್ಷ್ಯವಾಗಿ ಮುಂದಿಡಲಾರೆ. ಪುಡಿ ಶುರುಮಾಡಿದ ಕಾಲದಲ್ಲಿಯೇ ಭಾರ ಎತ್ತುವ ವ್ಯಾಯಾಮವನ್ನೂ ಆರಂಭಿಸಿದ್ದೆ. ಮಂಡಿಯ ಬಿಗಿ ತುಸು ಇಳಿದಿದೆ, ಅದರ ಶ್ರೇಯಸ್ಸನ್ನು ಯಾವುದಕ್ಕೆ ಕೊಡುವುದೆಂದು ಕೇಳಿದರೆ ವ್ಯಾಯಾಮಕ್ಕೆ ಎನ್ನುತ್ತೇನೆ, ಏಕೆಂದರೆ ಎಳೆತಕ್ಕೆ ಸಿಕ್ಕಿದ ಸ್ನಾಯುರಜ್ಜಿನ ಕೋಶ ಈಸ್ಟ್ರೋಜೆನ್ ಕಡಿಮೆಯಿದ್ದಾಗಲೂ ಸ್ಪಂದಿಸುತ್ತದೆ. ಮುಖದಲ್ಲಿ ನನಗೆ ಕಾಣುವಂತಹ ಬದಲಾವಣೆ ಆಗಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಕೊಲಾಜೆನ್ ಕತ್ತರಿಸುವ ಅದೇ ಕಿಣ್ವಗಳನ್ನು ಏರಿಸುವುದರಿಂದ, ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚುವುದು ಇದಕ್ಕಿಂತ ಖಚಿತವಾದ ಉಪಾಯ. ಹೊಟ್ಟೆಗೆ ತೊಂದರೆಯಾಗಲಿಲ್ಲ, ಆರಂಭದಲ್ಲಿ ಹೊಟ್ಟೆ ತುಂಬಿದಂತೆನಿಸುವುದು ಸಹಜ. ಮೀನಿನ ಅಲರ್ಜಿ ಇರುವವರು ಮೂಲವನ್ನು ನೋಡಿಕೊಳ್ಳಬೇಕು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಬೇಕು. ಕೊಲಾಜೆನ್ ಯಾವ ಸಸ್ಯದಲ್ಲಿಯೂ ಇಲ್ಲದ ವಸ್ತುವಾದ್ದರಿಂದ ಸಸ್ಯಾಹಾರಿಗಳಿಗೆ ಇದು ಒಪ್ಪುವುದಿಲ್ಲ. ಸಸ್ಯಜನ್ಯ ಕೊಲಾಜೆನ್ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಸಿಗುವ ಪುಡಿಗಳಲ್ಲಿ ಇರುವುದು ವಿಟಮಿನ್ ಸಿ ಮತ್ತು ಕೆಲವು ಅಮೈನೋ ಆಮ್ಲಗಳು ಮಾತ್ರ.

ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಒಂದೂವರೆ ಕರಪತ್ರದ ಮೊದಲ ಭಾಗಕ್ಕೆ. ಗ್ರಾಹಕ ಸೇವೆಗೆ ಎರಡು ಪ್ರಶ್ನೆಗಳನ್ನು ಬರೆದು ಕಳಿಸಿದ್ದೆ. ಪೆಪ್ಟೈಡಿನ ಮೂಲ ಮತ್ತು ಬಗೆಯ ಬಗ್ಗೆ ಕೇಳಿದ್ದಕ್ಕೆ ಮರುದಿನವೇ ಸ್ಪಷ್ಟ ಉತ್ತರ ಬಂತು: ಮೀನಿನ ಚರ್ಮ, ಒಂದನೆಯ ಬಗೆ. ಹಾಗಿದ್ದ ಮೇಲೆ ಡಬ್ಬಿಯ ಮೇಲೆ ಮೃದ್ವಸ್ಥಿಯ ಚಿತ್ರ ಹಾಕಿ ಎರಡನೆಯ ಬಗೆಯ ಹೆಸರು ಹೇಳುವುದು ಏಕೆ ಎಂದು ಮತ್ತೆ ಕೇಳಿದೆ. ವಿನ್ಯಾಸ ವಿಭಾಗಕ್ಕೆ ತಿಳಿಸುತ್ತೇವೆ ಎಂದರು. ಭಾರಲೋಹಗಳಿಗಾಗಿ ಹೊರಗಿನ ಪ್ರಯೋಗಾಲಯದಲ್ಲಿ ನಡೆಸಿದ ಪರೀಕ್ಷೆಯ ವರದಿಯನ್ನು ಕೋರಿದ್ದಕ್ಕೆ, ಉತ್ಪನ್ನ ಎಲ್ಲ ಮಾನದಂಡಗಳಿಗೆ ಅನುಗುಣವಾಗಿದೆ ಎಂಬ ಸಿದ್ಧ ವಾಕ್ಯ ಬಂದಿದೆ. ಮೀನಿನಿಂದ ತೆಗೆದ, ಪ್ರತಿದಿನ 10 ಗ್ರಾಂನಂತೆ ವರ್ಷಗಟ್ಟಲೆ ಸೇವಿಸಲು ಹೇಳುವ ವಸ್ತುವಿಗೆ ಆ ಉತ್ತರ ಸಾಲದು. ವರದಿ ಸಿಗುವವರೆಗೆ ಎರಡನೆಯ ಡಬ್ಬಿಯನ್ನು ನಾನು ತರಿಸುವುದಿಲ್ಲ.